ಶಿಲುಬೆ ಮತ್ತು ಸರ್ಟಿಫಿಕೇಟು

ಮದರಾಸಿನ ಮೌಂಟ್ ರೋಡಿನ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಮನುಷ್ಯ. ಹೆಸರು ಸೂಸೈ. ಹುಟ್ಟಿನಿಂದ ಆದಿದ್ರಾವಿಡ, ನಂಬಿದ್ದು ಕ್ರಿಸ್ತನನ್ನ. 1982ರಲ್ಲಿ ಸರ್ಕಾರ ರಸ್ತೆಬದಿಯ ಚಮ್ಮಾರರಿಗೆ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಡಲು ಹೊರಟಿತು. ಪರಿಶಿಷ್ಟ ಜಾತಿಯವರಿಗೆ ಮಾತ್ರ. ಸೂಸೈಗೆ ಸಿಗಲಿಲ್ಲ. ರಂಪಿಗೆ ಅದೇ, ದಾರ ಅದೇ, ಊರು ನೋಡುವ ಕಣ್ಣೂ ಅದೇ. ದೇವರು ಮಾತ್ರ ಬೇರೆ!

ಸೂಸೈ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ. 1985ರ ಸೆಪ್ಟೆಂಬರ್ 30ರಂದು ತೀರ್ಪು ಬಂತು. ಮತಾಂತರದ ಮೇಲೂ ಜಾತಿ ಉಳಿದಿದೆ ಎಂದರೆ ಸಾಲದು, ಹೊಸ ಧರ್ಮದಲ್ಲೂ ಅದರ ಸಂಕಟ ಅಷ್ಟೇ ಕ್ರೂರವಾಗಿ ಮುಂದುವರಿದಿದೆ ಎಂಬುದಕ್ಕೆ ಆಧಾರ ಬೇಕು ಎಂದಿತು ಕೋರ್ಟು. ಅರ್ಜಿ ವಜಾ ಆಯ್ತು.

ಈ ಕಾನೂನಿನ ಬೇರು ಎಲ್ಲಿದೆ? 1936ರಲ್ಲಿ ಭಾರತೀಯ ಕ್ರೈಸ್ತರು ಪರಿಶಿಷ್ಟ ಜಾತಿಯವರಲ್ಲ ಎಂದು ಮೊದಲು ಬರೆದದ್ದು ಬ್ರಿಟಿಷ್ ಸರ್ಕಾರ. ಬೈಬಲ್ ಹಿಡಿದು ಬಂದ ದೊರೆಗಳೇ! 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶ ಅದೇ ಬೇಲಿಯನ್ನು ಹೊಸದಾಗಿ ಕಟ್ಟಿತು: ಹಿಂದೂ ಆಗಿದ್ದರೆ ಮಾತ್ರ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ ದಲಿತರೂ ಮುಸ್ಲಿಂ ದಲಿತರೂ ಹೊರಗೇ ಉಳಿದರು. ಈ ಷರತ್ತನ್ನು ಕಿತ್ತುಹಾಕಿ ಎಂದು 2007ರಲ್ಲಿ ರಂಗನಾಥ ಮಿಶ್ರ ಆಯೋಗ ಶಿಫಾರಸು ಮಾಡಿತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. 2022ರಲ್ಲಿ ಮತ್ತೊಂದು ಆಯೋಗ ನೇಮಿಸಿತು.

ಇನ್ನೊಂದು ಮಾತು ಗಮನಿಸಿ. ಹಿಂದೂ ಧರ್ಮಕ್ಕೆ ಮರಳಿ, ಜಾತಿಯವರು ಒಪ್ಪಿಕೊಂಡರೆ, ಹಳೆಯ ಜಾತಿಯ ಸವಲತ್ತೂ ಮರಳುತ್ತದೆ ಎಂದು 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಂದರೆ ಕ್ರಿಸ್ತನನ್ನ ಬಿಟ್ಟು ಬಾ, ಸರ್ಟಿಫಿಕೇಟು ತಗೋ!

ರೋಮಿನಲ್ಲಿ ಭಕ್ತರನ್ನು ಸಿಂಹದ ಬಾಯಿಗೆ ಹಾಕಿದ ಕತೆಯನ್ನು ಪಾದ್ರಿಗಳು ಹೇಳುತ್ತಾರೆ. ನಮ್ಮ ಹಟ್ಟಿಯ ಕ್ರೈಸ್ತನಿಗೆ ಸಿಂಹ ಬೇಕಿಲ್ಲ, ತಾಲ್ಲೂಕು ಕಚೇರಿಯ ಅರ್ಜಿಯಲ್ಲಿ ಧರ್ಮ ಅನ್ನೋ ಒಂದು ಕಾಲಂ ಸಾಕು. ಮಗುವಿನ ಓದಿಗಾಗಿ ಅಲ್ಲಿ ಹಿಂದೂ ಅಂತ ಬರೆಸಿ, ಭಾನುವಾರ ಪ್ರಾರ್ಥನೆಗೆ ಹೋಗುವ ತಾಯಿಯನ್ನ ಹೇಡಿ ಅನ್ನಬೇಡಿ. ಕ್ರೈಸ್ತ ಅಂತಲೇ ಬರೆಸಿ ಸ್ಕಾಲರ್‌ಶಿಪ್ ಕಳೆದುಕೊಂಡವನನ್ನ ಮೂರ್ಖ ಅಂತಲೂ ಅನ್ನಬೇಡಿ. ಇಬ್ಬರೂ ನಂಬಿಕೆಗೆ ದಂಡ ಕಟ್ಟುತ್ತಿರುವವರೇ.

ಇಷ್ಟೆಲ್ಲ ಕಳಕೊಂಡು ಉಳಿಸಿಕೊಂಡ ಚರ್ಚಿನೊಳಗಾದರೂ ಸಮಾನತೆ ಸಿಕ್ಕಿತೇ? ಅನುಮಾನ ಹುಟ್ಟೋದೇ ಇಲ್ಲಿ. ಸಭೆಯೊಳಗೆ ಜಾತಿಭೇದ ಕೂಡದು ಎಂದು ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ಆಜ್ಞೆ ಮಾಡಿದ್ದರು. ಜಾತಿ ಜಗ್ಗಲಿಲ್ಲ. ತಿರುಚಿರಾಪಳ್ಳಿಯ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆಯನ್ನೇ ಕಟ್ಟಿದ್ದರು. ಕೋರ್ಟು ಕೇಳಿದ ಆಧಾರ ಅಲ್ಲಿತ್ತು! ತನ್ನೊಳಗೆ ಅಸ್ಪೃಶ್ಯತೆ ಇದೆ ಎಂದು ಕ್ಯಾಥೊಲಿಕ್ ಸಭೆ ತನ್ನ ದಲಿತ ನೀತಿಯಲ್ಲಿ ಒಪ್ಪಿಕೊಂಡದ್ದು 2016ರಲ್ಲಿ.

ಈ ದೇವರು ಯಾರ ಕಡೆಯವನು ಎಂಬ ಪ್ರಶ್ನೆಯನ್ನು ದಲಿತ ಕ್ರೈಸ್ತರು ನುಂಗಿಕೊಳ್ಳಲಿಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರದ ಮಾತೆತ್ತಿದರು. ಮುಂದೆ ಅದು ದಲಿತ ದೇವಶಾಸ್ತ್ರವಾಗಿ ಬೆಳೆಯಿತು. ಯೇಸುವೇ ದಲಿತ ಎಂದು ಅವರು ವಾದಿಸಿದರು. ಬಡಗಿಯ ಮಗ, ಊರಾಚೆ ಕೊಲೆಯಾದವನು. ಅನುಮಾನ ಇಲ್ಲಿ ನಂಬಿಕೆಯನ್ನು ಕೊಲ್ಲಲಿಲ್ಲ, ಮೇಲ್ಜಾತಿ ಪೌರೋಹಿತ್ಯದ ಕೈಯಿಂದ ಅದನ್ನು ಬಿಡಿಸಿ ತಂದಿತು.

ನಮ್ಮ ಪಾಲು ಕಮ್ಮಿಯಾಗ್ತದೆ ಅಂತ ನಮ್ಮವರೇ ಹೇಳೋದುಂಟು. ಆ ಭಯ ಸುಳ್ಳಲ್ಲ. ಹಾಗಾದರೆ ಪಾಲು ಹೆಚ್ಚಿಸಿ ಅಂತ ಒಟ್ಟಿಗೆ ಕೇಳೋಣ. 1956ರಲ್ಲಿ ಬಾಬಾಸಾಹೇಬರು ಬುದ್ಧನನ್ನು ಆರಿಸಿಕೊಂಡರು. ಸೂಸೈ ಕ್ರಿಸ್ತನನ್ನ. ಆರಿಸಿಕೊಳ್ಳುವ ಹಕ್ಕು ಇಬ್ಬರದೂ ಒಂದೇ. ದೇವರು ಬದಲಾದರೂ ಬೆನ್ನು ಬಿಡದ ಜಾತಿಗೆ ಪರಿಹಾರ ಕೊಡುವಾಗ ಮಾತ್ರ ಯಾಕೆ ದೇವರನ್ನ ಕೇಳ್ತೀರಿ?