ಗೆಲ್ಲಲಾಗದ ಆಟ ನಂಬರ್ 11982

ವಿಂಡೋಸ್ 95, 98 ಕಾಲದಲ್ಲಿ ಕಂಪ್ಯೂಟರ್ ಮುಟ್ಟಿದವರಿಗೆಲ್ಲ ಫ್ರೀಸೆಲ್ ಗೊತ್ತಿರಲೇಬೇಕು. ಸಾಲಿಟೇರ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ. ಸಾಲಿಟೇರ್‌ನಲ್ಲಿ ಬಹುಪಾಲು ಎಲೆಗಳು ಮಗುಚಿಕೊಂಡಿರುತ್ತವೆ, ಸೋತರೆ ಅದೃಷ್ಟವನ್ನು ಬೈದು ಸುಮ್ಮನಾಗಬಹುದು. ಫ್ರೀಸೆಲ್‌ನಲ್ಲಿ ಹಾಗಲ್ಲ. 52 ಎಲೆಗಳೂ ಮೊದಲೇ ಕಣ್ಣೆದುರಿಗೆ! ಹಾಗಾದರೆ ಸೋತಾಗಲೆಲ್ಲ ತಪ್ಪು ನಮ್ಮದೇನಾ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಕತೆ ಬಲು ಸೊಗಸಾಗಿದೆ.

ಇಸ್ಪೀಟಿನಲ್ಲಿ ಬೇಕರ್ಸ್ ಗೇಮ್ ಎಂಬ ಒಂಟಿ ಆಟವೊಂದಿತ್ತು. ಅದರಲ್ಲಿ ಒಂದೇ ಜಾತಿಯ ಎಲೆಗಳನ್ನಷ್ಟೇ ಒಂದರ ಮೇಲೊಂದು ಇಳಿಕೆಯಲ್ಲಿ ಜೋಡಿಸಬೇಕು. 1978ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಪಾಲ್ ಆಲ್‌ಫಿಲ್ ಆ ನಿಯಮ ಬದಲಿಸಿದರು. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು, ಅಷ್ಟೇ. ಅಲ್ಲಿನ ಪ್ಲೇಟೋ ಕಂಪ್ಯೂಟರ್ ವ್ಯವಸ್ಥೆಗೆ ಅದನ್ನು ಬರೆದರು. ಇಷ್ಟು ಸಣ್ಣ ಬದಲಾವಣೆಯಿಂದ, ಬೇಕರ್ಸ್ ಗೇಮಿನಲ್ಲಿ ಆಗಾಗ ಸಿಗುತ್ತಿದ್ದ ಗೆಲ್ಲಲಾಗದ ಹಂಚಿಕೆಗಳು ಹೆಚ್ಚುಕಮ್ಮಿ ಮಾಯವಾದವು.

ಪ್ಲೇಟೋದಲ್ಲಿ ಈ ಆಟದ ರುಚಿ ಹತ್ತಿಸಿಕೊಂಡಿದ್ದ ಜಿಮ್ ಹಾರ್ನ್ ಮುಂದೆ ಮೈಕ್ರೋಸಾಫ್ಟ್ ಸೇರಿ ವಿಂಡೋಸ್‌ಗೆ ಇದನ್ನು ತಂದರು. 1991ರಲ್ಲಿ ಎಂಟರ್‌ಟೈನ್‌ಮೆಂಟ್ ಪ್ಯಾಕ್‌ನ ಎರಡನೇ ಕಂತಿನಲ್ಲಿ ಬಂತು, ವಿಂಡೋಸ್ 95ರಿಂದ ಮನೆಮನೆಗೂ ತಲುಪಿತು. ಹಾರ್ನ್ ಮಾಡಿದ ಜಾಣತನ ಏನು ಗೊತ್ತಾ? ಎಲೆ ಹಂಚಿಕೆಗಳಿಗೆ 1ರಿಂದ 32,000ದವರೆಗೆ ನಂಬರ್ ಕೊಟ್ಟರು. ನಂಬರ್ ಒಂದೇ ಆದರೆ ಯಾವ ಊರಿನ ಯಾವ ಕಂಪ್ಯೂಟರಿನಲ್ಲೂ ಅದೇ ಹಂಚಿಕೆ. ಪ್ರತಿ ಆಟವನ್ನೂ ಗೆಲ್ಲಬಹುದೆಂಬ ನಂಬಿಕೆ ಇದೆ, ಆದರೆ ಸಾಬೀತಾಗಿಲ್ಲ ಅಂತ ಹೆಲ್ಪ್ ಪುಟದಲ್ಲೂ ಬರೆದಿಟ್ಟರು.

ಸಾಬೀತಾಗಿಲ್ಲ ಅಂದರೆ ಬಿಡುವವರುಂಟೇ? 1994ರಲ್ಲಿ ಡೇವ್ ರಿಂಗ್ ಎಂಬುವರು ಇಂಟರ್ನೆಟ್ಟಿನಲ್ಲಿ ನೂರಕ್ಕೂ ಹೆಚ್ಚು ಜನರನ್ನು ಒಟ್ಟುಗೂಡಿಸಿದರು. ಒಬ್ಬೊಬ್ಬರಿಗೆ ನೂರು ನೂರು ಆಟಗಳ ಪಾಲು. ಒಬ್ಬರ ಕೈಲಿ ಆಗದ್ದು ಇನ್ನೊಬ್ಬರಿಗೆ, ಅವರಿಗೂ ಆಗದಿದ್ದರೆ ಪಳಗಿದ ಆಟಗಾರರಿಗೆ. 1995ರ ಏಪ್ರಿಲ್ ಹೊತ್ತಿಗೆ 31,999 ಆಟಗಳನ್ನು ಗೆದ್ದಾಗಿತ್ತು. ಉಳಿದದ್ದು ಒಂದೇ ಒಂದು: 11982!

ಇಷ್ಟು ಜನ ಸೋತ ಮಾತ್ರಕ್ಕೆ ಗೆಲ್ಲಲಾಗದು ಅಂತ ಹೇಳಲಾಗುತ್ತದೆಯೇ? ಇಲ್ಲ. ಯಾರೂ ಯೋಚಿಸದ ಒಂದು ನಡೆ ಎಲ್ಲೋ ಅಡಗಿರಬಹುದು. ಅದನ್ನು ತೀರ್ಮಾನಿಸಿದ್ದು ಫ್ರೀಸೆಲ್ ಬಿಡಿಸಲೆಂದೇ ಬರೆದ ಪ್ರೋಗ್ರಾಮುಗಳು. ಎಲ್ಲ ದಾರಿಗಳನ್ನೂ ತಡಕಾಡಿ, 11982ಕ್ಕೆ ದಾರಿಯೇ ಇಲ್ಲ ಅಂದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಹಂಚಿಕೆಗಳ ಸಂಖ್ಯೆ ಹತ್ತು ಲಕ್ಷಕ್ಕೇರಿತು. ಅಷ್ಟರಲ್ಲೂ ಗೆಲ್ಲಲಾಗದವು ಬರೀ ಎಂಟು.

ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಆ ನಂಬರುಗಳು. "ನನ್ನ ಮಿಷನ್ನಿನಲ್ಲಿ ಸರಿಯಾಗೇ ಇದೆಯಲ್ಲ" ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಎಲ್ಲರ ಮುಂದೆಯೂ ಅದೇ ಎಲೆ, ಅದೇ ಸಮಸ್ಯೆ. ಒಂಟಿಯಾಗಿ ಆಡುವ ಆಟವನ್ನು ನೂರು ಜನ ಕೂಡಿ ಆಡಲು ಸಾಧ್ಯವಾದದ್ದು ಅದರಿಂದಲೇ.

ಅಂದಹಾಗೆ, ಫ್ರೀಸೆಲ್‌ನಲ್ಲಿ ಸೋತಾಗ ಇನ್ನು ಮೇಲೆ ನಂಬರ್ ನೋಡಿಕೊಳ್ಳಿ. ಹತ್ತು ಲಕ್ಷದಲ್ಲಿ ಎಂಟು ಸಲ ತಪ್ಪು ನಿಮ್ಮದಲ್ಲ. ಮಿಕ್ಕ ಸಲದ್ದಕ್ಕೆ... ನೀವೇ ಹೇಳಿ :)