ಒಲೆಯ ಮುಂದಿನ ಕನ್ನಡ

ಕೊಯಮತ್ತೂರಿನ ಪೀಳಮೇಡಿನಲ್ಲಿರುವ ನಮ್ಮ ಬಡಾವಣೆಗೆ ಬಂದ ಗೆಳೆಯ, ಒಳ್ಳೆಯ ಕೇಜನ್ ಊಟ, ಬ್ರೆಜಿಲ್ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದ. 1755ರಿಂದ ಇಂದಿನ ಕೆನಡಾದ ಅಕೇಡಿಯಾ ಬಿಟ್ಟು ಓಡಬೇಕಾಗಿ ಬಂದು, ಲೂಸಿಯಾನಾದಲ್ಲಿ ನೆಲೆ ಕಂಡ ಫ್ರೆಂಚ್ ಮಾತಿನವರ ಅಡುಗೆ ಕೇಜನ್. ನನಗೆ ನಮ್ಮವರೇ ನೆನಪಾದರು. ನಾವು ನೇಕಾರ ದೇವಾಂಗರು, ಮಗ್ಗದ ಜೊತೆ ಕನ್ನಡವನ್ನೂ ಹೊತ್ತು ಕೊಯಮತ್ತೂರಿಗೆ ಬಂದವರು. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ಅಡುಗೆ ಮಾತ್ರ ಈ ಕೊಂಗುನಾಡಿನದಾಯಿತು: ಅಕ್ಕಿ, ಬೇಳೆ ಒಟ್ಟಿಗೇ ಬೇಯಿಸಿದ ಅರಿಸಿ ಪರುಪ್ಪು ಸಾದಂ, ನಮ್ಮ ಒತ್ತುಶಾವಿಗೆಯಂಥ ಸಂದಗೈ. ಅಜ್ಜಿ ಶಾವಿಗೆ ಒರಳಿನ ಹಿಡಿಗೆ ಇಡೀ ಮೈಭಾರ ಹಾಕಿ ಒತ್ತುತ್ತಿದ್ದರು; ಬಿಸಿ ಎಳೆಗಳ ಮೇಲೆ ತೆಂಗಿನಹಾಲು ಸುರಿದು ನಮಗೆ ಕೊಡುತ್ತಿದ್ದರು. ಇನ್ನು ಬ್ರೆಜಿಲ್? ಅಲ್ಲಿನವರ ಜೀವಾಳವಾದ ಮರಗೆಣಸು ದಕ್ಷಿಣ ಅಮೆರಿಕದ್ದೇ ಗೆಡ್ಡೆ. ಸಂಜೆ ನಮ್ಮ ಬೀದಿಯ ತಳ್ಳುಗಾಡಿಯ ಬಾಣಲೆಯಲ್ಲಿ ಅದೇ ಚಿಪ್ಸ್ ಆಗುತ್ತದೆ. ಗೆಳೆಯನನ್ನು ಅಲ್ಲಿಗೇ ಕರೆದೊಯ್ದೆ.