ಪ್ರವಾಸಕ್ಕೆ ಚಿಕ್ಕ ಕ್ಯಾಮೆರಾ: ಡಬ್ಬಿಯ ಮೇಲಿನ ಯಾವ ಸಂಖ್ಯೆಯನ್ನು ನಂಬಬೇಕು?

ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಫೋಟೊ ಚೆನ್ನಾಗಿ ಬರುತ್ತದೆ, ಝೂಮ್ ಜಾಸ್ತಿಯಿದ್ದರೆ ಕ್ಯಾಮೆರಾ ಒಳ್ಳೆಯದು, ಒಂದು ಇಂಚಿನ ಸೆನ್ಸರ್ ಎಂದರೆ ಒಂದು ಇಂಚಿನ ಸೆನ್ಸರ್. ಚಿಕ್ಕ ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಮಾತುಗಳು ಹೆಚ್ಚಾಗಿ ಇವೇ. ಇವುಗಳಲ್ಲಿ ಮೂರನೆಯದು ಪೂರ್ತಿ ತಪ್ಪು, ಮೊದಲೆರಡು ಅರ್ಧ ಸತ್ಯ. ಅರ್ಧ ಸತ್ಯಕ್ಕೆ ಕೊಡುವ ಬೆಲೆ ಮಾತ್ರ ಪೂರ್ತಿ: ಒಳ್ಳೆಯ ಚಿಕ್ಕ ಕ್ಯಾಮೆರಾ ಇವತ್ತು ಹತ್ತಾರು ಸಾವಿರ ರೂಪಾಯಿಯಿಂದ ಆರಂಭವಾಗಿ ಲಕ್ಷ ದಾಟುತ್ತದೆ.

ಉಗಾರ ಖುರ್ದದಂಥ ಊರಿನಲ್ಲಿ ಈ ಲೆಕ್ಕ ಇನ್ನೂ ಬಿಗಿ. ಕೃಷ್ಣಾ ದಂಡೆಯ ಈ ಊರಿನ ವರ್ಷ ಸಕ್ಕರೆ ಕಾರ್ಖಾನೆಯ ಹಂಗಾಮಿನ ಜೊತೆ ಸಾಗುತ್ತದೆ. ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ ಮನೆಯ ಖರ್ಚು, ಸಾಲ, ಮಕ್ಕಳ ಫೀ ಎಲ್ಲ ಮುಗಿದು ಉಳಿದದ್ದು ಪ್ರವಾಸಕ್ಕೆ. ಹೀಗೆ ಉಳಿಸಿದ ಹಣದಲ್ಲಿ ತಂದೆತಾಯಿಯನ್ನು ಕಾಶಿಗೋ ಹಂಪಿಗೋ ಕರೆದೊಯ್ಯುವವರು ಕ್ಯಾಮೆರಾ ಕೊಂಡರೆ ಅದು ಮೊಬೈಲಿಗಿಂತ ಏನಾದರೂ ಹೆಚ್ಚು ಕೊಡಬೇಕು. ಕೊಡುತ್ತದೆಯೇ ಎಂಬುದನ್ನು ಸುತ್ತಲಿನ ಜಾಗಗಳನ್ನೇ ಇಟ್ಟುಕೊಂಡು ನೋಡೋಣ.

ಮೊಬೈಲ್ ಎಲ್ಲಿ ಗೆಲ್ಲುತ್ತದೆ

ಕೃಷ್ಣೆಯ ಆಚೆ ದಂಡೆಯಲ್ಲಿ, ಮಹಾರಾಷ್ಟ್ರದ ಶಿರೋಳ ತಾಲ್ಲೂಕಿಗೆ ಸೇರಿದ ಖಿದ್ರಾಪುರವಿದೆ. ಅಲ್ಲಿನ ಕೋಪೇಶ್ವರ ದೇವಾಲಯ 12ನೇ ಶತಮಾನದ್ದು, ಶಿಲಾಹಾರರ ಕಾಲದ್ದು. ಅದರ ಸ್ವರ್ಗಮಂಟಪದಲ್ಲಿ 48 ಕಂಬಗಳಿವೆ, ನಡುವೆ ಛಾವಣಿಯಿಲ್ಲ, ದುಂಡಗಿನ ತೆರಪಿನಲ್ಲಿ ಆಕಾಶ ಕಾಣುತ್ತದೆ. ಮಧ್ಯಾಹ್ನದ ಹೊತ್ತು ಆ ತೆರಪು ಕಣ್ಣು ಕುಕ್ಕುವಷ್ಟು ಬೆಳಕು, ಕಂಬಗಳ ಹಿಂದೆ ಕತ್ತಲು. ಯಾವ ಕ್ಯಾಮೆರಾಕ್ಕೂ ಇದು ಕಷ್ಟದ ದೃಶ್ಯ.

ಇಲ್ಲಿ ಈಚಿನ ಒಂದು ಸಾಧಾರಣ ಮೊಬೈಲ್ ದುಬಾರಿ ಕ್ಯಾಮೆರಾವನ್ನು ನಾಚಿಸಬಲ್ಲದು. ನೀವು ಒಂದು ಸಲ ಬಟನ್ ಒತ್ತಿದರೆ ಮೊಬೈಲ್ ಹಲವು ಚಿತ್ರಗಳನ್ನು ತೆಗೆದು, ಆಕಾಶಕ್ಕೆ ಹೊಂದುವ ಭಾಗ, ಕಂಬಕ್ಕೆ ಹೊಂದುವ ಭಾಗ ಎಂದು ಆರಿಸಿ ಸೇರಿಸಿಬಿಡುತ್ತದೆ. ಚಿಕ್ಕ ಕ್ಯಾಮೆರಾ ಸಾಮಾನ್ಯವಾಗಿ ಒಂದೇ ಚಿತ್ರ ತೆಗೆಯುತ್ತದೆ. ಅದರ ರಾ ಫೈಲನ್ನು ಮನೆಗೆ ತಂದು ಕಂಪ್ಯೂಟರಿನಲ್ಲಿ ಕೂತು ನೆರಳನ್ನು ಎತ್ತಿದರೆ ಮೊಬೈಲಿಗಿಂತ ಒಳ್ಳೆಯ ಫಲಿತಾಂಶ ಸಿಗಬಹುದು. ಆ ಕೆಲಸ ಮಾಡುವ ತಾಳ್ಮೆ ಇಲ್ಲದಿದ್ದರೆ ಹಗಲಿನ ದೇವಾಲಯ, ಊಟದ ತಟ್ಟೆ, ಗುಂಪು ಫೋಟೊ ಇವಕ್ಕಾಗಿ ಕ್ಯಾಮೆರಾ ಕೊಳ್ಳಬೇಡಿ. ಇದನ್ನು ಅಂಗಡಿಯವರು ಹೇಳುವುದಿಲ್ಲ, ಹೇಳಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

(ಖಿದ್ರಾಪುರದಲ್ಲಿ ಹಳಗನ್ನಡ ಶಾಸನಗಳೂ ಇವೆ. ಅವುಗಳ ಫೋಟೊ ಬೇಕಿದ್ದರೆ ಬೆಳಗ್ಗೆ ಅಥವಾ ಸಂಜೆ ಹೋಗಿ. ಬೆಳಕು ಓರೆಯಾಗಿ ಬಿದ್ದಾಗ ಅಕ್ಷರದ ಅಂಚಿನಲ್ಲಿ ನೆರಳು ನಿಂತು ಓದಲು ಬರುತ್ತದೆ. ಇದು ಕ್ಯಾಮೆರಾದ ಬೆಲೆಗೆ ಸಂಬಂಧವಿಲ್ಲದ ಮಾತು.)

ಒಂದು ಇಂಚು ಎಂದರೆ ಒಂದು ಇಂಚಲ್ಲ

ಲೆನ್ಸಿನ ಹಿಂದೆ ಬೆಳಕು ಬಂದು ಬೀಳುವ ಚಿಪ್ಪಿಗೆ ಸೆನ್ಸರ್ ಎನ್ನುತ್ತಾರೆ. ಅಂಗಳದಲ್ಲಿ ಮಳೆ ನೀರು ಹಿಡಿಯಲು ಇಟ್ಟ ಪಾತ್ರೆಯ ಹಾಗೆ ಅದು. ಬಾಯಿ ಅಗಲವಾದಷ್ಟೂ ಅದೇ ಹೊತ್ತಿನಲ್ಲಿ ಹೆಚ್ಚು ನೀರು. ಬೆಳಕು ಕಡಿಮೆ ಸಿಕ್ಕಿದಾಗ ಚಿತ್ರದಲ್ಲಿ ಕಾಳುಕಾಳು ಕಾಣುತ್ತದೆ, ಬಣ್ಣ ಸಾಯುತ್ತದೆ.

‘1 ಇಂಚು’ ಎಂದು ಮಾರುವ ಸೆನ್ಸರಿನ ನಿಜವಾದ ಅಳತೆ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ. ಮೂಲೆಯಿಂದ ಮೂಲೆಗೆ ಅಳೆದರೂ ಸುಮಾರು 16 ಮಿ.ಮೀ. ಮಾತ್ರ. ಒಂದು ಇಂಚಿಗೆ 25.4 ಮಿ.ಮೀ. ಎಂಬುದು ನಮಗೆಲ್ಲ ಗೊತ್ತು. ಹಾಗಾದರೆ ಈ ಹೆಸರು ಎಲ್ಲಿಂದ ಬಂತು? ಹಳೆಯ ಟಿ.ವಿ. ಕ್ಯಾಮೆರಾಗಳಲ್ಲಿ ಸೆನ್ಸರಿನ ಬದಲು ವಿಡಿಕಾನ್ ಎಂಬ ಗಾಜಿನ ಕೊಳವೆ ಇರುತ್ತಿತ್ತು. ಕೊಳವೆಯ ಹೊರಗಿನ ವ್ಯಾಸ ಒಂದು ಇಂಚಿದ್ದರೆ ಒಳಗೆ ಚಿತ್ರ ಮೂಡುವ ಜಾಗ ಸುಮಾರು 16 ಮಿ.ಮೀ. ಕೊಳವೆ ಹೋಯಿತು, ಹೆಸರು ಉಳಿಯಿತು. ಮೋಸ ಎನ್ನುವುದಕ್ಕಿಂತ ಮಾರಾಟಗಾರರಿಗೆ ಒದಗಿಬಂದ ಹಳೇ ರೂಢಿ ಎನ್ನಬಹುದು.

ಆದ್ದರಿಂದ ಹೆಸರು ಬಿಟ್ಟು ವಿಸ್ತೀರ್ಣ ನೋಡಿ. ಅಗ್ಗದ ಚಿಕ್ಕ ಕ್ಯಾಮೆರಾಗಳಲ್ಲಿ ಇರುವ ‘1/2.3 ಇಂಚು’ ಸೆನ್ಸರಿನದು ಸುಮಾರು 28 ಚದರ ಮಿ.ಮೀ., ಹಲವು ಮೊಬೈಲ್‌ಗಳ ಮುಖ್ಯ ಸೆನ್ಸರ್ ಇವತ್ತು ಇದಕ್ಕಿಂತ ದೊಡ್ಡದು. ‘1 ಇಂಚು’ 116, ಮೈಕ್ರೊ ಫೋರ್ ಥರ್ಡ್ಸ್ 225, ಎಪಿಎಸ್-ಸಿ ಸುಮಾರು 365, ಮದುವೆ ಫೋಟೊಗ್ರಾಫರ್‌ಗಳು ಬಳಸುವ ಫುಲ್ ಫ್ರೇಮ್ 864. ಮೊದಲಿನ ಎರಡು ಕ್ಯಾಮೆರಾಗಳು ಹೊರಗಿನಿಂದ ಹೆಚ್ಚುಕಮ್ಮಿ ಒಂದೇ ಗಾತ್ರ ಕಾಣಬಹುದು. ಒಳಗೆ ನಾಲ್ಕು ಪಟ್ಟು ವ್ಯತ್ಯಾಸ.

ಮೆಗಾಪಿಕ್ಸೆಲ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 12×18 ಇಂಚಿನ ಆಲ್ಬಂ ಪುಟವನ್ನು ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಲು ಬೇಕಾಗುವುದು 19 ಮೆಗಾಪಿಕ್ಸೆಲ್ ಚಿಲ್ಲರೆ. ಇಂಚಿಗೆ 200 ಚುಕ್ಕೆ ಸಾಕೆಂದರೆ ಒಂಬತ್ತಕ್ಕಿಂತ ಕಡಿಮೆ. 20ರ ಮೇಲಿನದು ಬಹುತೇಕ ಮನೆಗಳಿಗೆ ಮೆಮೊರಿ ಕಾರ್ಡ್ ತುಂಬಿಸುವ ದಾರಿ ಅಷ್ಟೇ. ‘50 ಮೆಗಾಪಿಕ್ಸೆಲ್’ ಮೊಬೈಲ್‌ಗಳೂ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಕೂಡಿಸಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ.

ಝೂಮ್ ಎಂಬ ಚೌಕಾಸಿ

ಕ್ಯಾಮೆರಾ ನಿಜವಾಗಿ ಮೊಬೈಲನ್ನು ಹಿಂದೆ ಹಾಕುವುದು ಇಲ್ಲಿ. ಮೊಬೈಲಿನಲ್ಲಿ ಬೆರಳಿನಿಂದ ಹಿಗ್ಗಿಸುವ ಡಿಜಿಟಲ್ ಝೂಮ್ ಎಂದರೆ ಫೋಟೊದ ಅಂಚು ಕತ್ತರಿಸುವುದು. 12 ಮೆಗಾಪಿಕ್ಸೆಲ್ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿದರೆ ಉಳಿಯುವ ನಿಜವಾದ ವಿವರ 3 ಮೆಗಾಪಿಕ್ಸೆಲ್, ನಾಲ್ಕು ಪಟ್ಟಿಗೆ ಮುಕ್ಕಾಲು. ಮಿಕ್ಕಿದ್ದು ಸಾಫ್ಟ್‌ವೇರಿನ ಊಹೆ. ಕೆಲವು ಮೊಬೈಲ್‌ಗಳಲ್ಲಿ ದೂರಕ್ಕೆಂದೇ ಬೇರೆ ಲೆನ್ಸ್ ಇರುತ್ತದೆ, ಆದರೆ ಅದರ ಸೆನ್ಸರ್ ಹೆಚ್ಚಾಗಿ ಇನ್ನೂ ಚಿಕ್ಕದು.

ಆಪ್ಟಿಕಲ್ ಝೂಮಿನಲ್ಲೂ ‘40ಎಕ್ಸ್’ ಎಂಬುದು ಎಷ್ಟು ದೂರ ಕಾಣುತ್ತದೆ ಎಂಬ ಅಳತೆಯಲ್ಲ, ಅತಿ ಅಗಲದ ನೋಟಕ್ಕೂ ಅತಿ ಹತ್ತಿರದ ನೋಟಕ್ಕೂ ಇರುವ ಅನುಪಾತ. ಕ್ಯಾನನ್ ಎಸ್‌ಎಕ್ಸ್740 ಎಚ್‌ಎಸ್ 24ರಿಂದ 960 ಮಿ.ಮೀ.ವರೆಗೆ ಹೋಗುತ್ತದೆ, ಅಂದರೆ 40 ಪಟ್ಟು. ಸೋನಿ ಆರ್‌ಎಕ್ಸ್100 ಏಳನೇ ಮಾದರಿ 24ರಿಂದ 200, ಎಂಟು ಪಟ್ಟಿನ ಚೂರು ಮೇಲೆ. ಎರಡೂ ಸುಮಾರು 300 ಗ್ರಾಂ. ಉಗಾರದ ಬಳಿ ನದಿಯಲ್ಲಿ 50 ಮೀಟರ್ ದೂರದ ಬಂಡೆಯ ಮೇಲೆ ನೀರುಕಾಗೆ ಕೂತಿದೆ ಎನ್ನಿ. 200 ಮಿ.ಮೀ.ನಲ್ಲಿ ಚಿತ್ರದ ಅಗಲ 9 ಮೀಟರ್ ಜಾಗ ತುಂಬಿಕೊಳ್ಳುತ್ತದೆ, ಹಕ್ಕಿ ಒಂದು ಕಪ್ಪು ಚುಕ್ಕೆ. 960ರಲ್ಲಿ ಎರಡು ಮೀಟರಿಗೂ ಕಡಿಮೆ, ಹಕ್ಕಿಯ ಕೊಕ್ಕು ಗುರುತು ಸಿಗುತ್ತದೆ.

ಹಾಗಾದರೆ 40ಎಕ್ಸ್ ಒಳ್ಳೆಯದಲ್ಲವೇ? ಬಿಸಿಲಿದ್ದಾಗ ಹೌದು. ಆದರೆ ಜೇಬಿಗೆ ಹಿಡಿಯುವ ಡಬ್ಬಿಯೊಳಗೆ ಅಷ್ಟು ಉದ್ದದ ಝೂಮ್ ಕೂರಿಸಬೇಕಾದರೆ ಸೆನ್ಸರನ್ನು 28 ಚದರ ಮಿ.ಮೀ.ಗೆ ಇಳಿಸಲೇಬೇಕು, ಲೆನ್ಸಿನ ಕಿಂಡಿಯನ್ನೂ ಕಿರಿದು ಮಾಡಬೇಕು. ಆ ಕಿಂಡಿಯ ಅಳತೆಯೇ ‘ಎಫ್’ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಸ್‌ಎಕ್ಸ್740 ಪೂರ್ತಿ ಝೂಮಿನಲ್ಲಿ ಎಫ್/6.9. ಅಷ್ಟು ದೂರದ ನೋಟದಲ್ಲಿ ಕೈನಡುಕ ಕಾಣದಿರಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ವೇಗ ಬೇಕು ಎಂಬುದು ಹಳೆಯ ಲೆಕ್ಕ. ಸಂಜೆ ಆರಕ್ಕೆ ಅಷ್ಟು ಬೆಳಕು ಎಲ್ಲಿಂದ ತರುವುದು?

ಈ ಚೌಕಾಸಿ ತಯಾರಕರಿಗೂ ತಪ್ಪಿದ್ದಲ್ಲ. ಆರ್‌ಎಕ್ಸ್100ರ ಮೂರರಿಂದ ಐದನೇ ಮಾದರಿಗಳಲ್ಲಿ 24–70 ಮಿ.ಮೀ. ಲೆನ್ಸ್ ಇತ್ತು, ಎಫ್/1.8ರಿಂದ 2.8. 2018ರಲ್ಲಿ ಬಂದ ಆರನೇ ಮಾದರಿಯಲ್ಲಿ ಝೂಮನ್ನು 200ಕ್ಕೆ ಎಳೆದರು, ಕಿಂಡಿ ಎಫ್/2.8ರಿಂದ 4.5ಕ್ಕೆ ಕುಗ್ಗಿತು. ಸೆನ್ಸರಿನ ಅಳತೆ ಅದೇ, ಜೇಬೂ ಅದೇ. ಅಗಲದ ನೋಟದಲ್ಲಿ ಹಳೆಯ ಮಾದರಿ ಸುಮಾರು 2.4 ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಹೊಸದೆಂದರೆ ಎಲ್ಲದರಲ್ಲೂ ಮೇಲು ಎಂದು ನಂಬಿದವರಿಗೆ ಇದು ನೆನಪಿರಲಿ.

ಡಬ್ಬಿಯ ಮೇಲೆ ‘ಎಫ್/1.8’ ಎಂದು ದಪ್ಪ ಅಕ್ಷರದಲ್ಲಿದ್ದರೆ ಪಕ್ಕದ ಎರಡನೇ ಸಂಖ್ಯೆಯನ್ನು ಹುಡುಕಿ. 2012ರ ಮೊದಲ ಆರ್‌ಎಕ್ಸ್100ರಲ್ಲಿ ಅದು 4.9. ಅಂದರೆ ಝೂಮ್ ಎಳೆದಾಗ ಬೆಳಕು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಬರೀ ಎರಡನೇ ಸಂಖ್ಯೆ ಓದಿ ಕ್ಯಾಮೆರಾ ಆರಿಸಿದರೂ ಬಹಳಷ್ಟು ಜನಕ್ಕೆ ಮೋಸವಾಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಅಗಲದ ಕಡೆಯೂ ನೋಡಬೇಕು. ಮೂರು ಮೀಟರ್ ದೂರದಲ್ಲಿ ನಿಂತರೆ 24 ಮಿ.ಮೀ. ಲೆನ್ಸಿಗೆ 4.5 ಮೀಟರ್ ಅಗಲದ ಜಾಗ ಕಾಣುತ್ತದೆ, 28ಕ್ಕೆ 3.9. ಮಂಟಪದ ಒಳಗೆ ಹಿಂದೆ ಸರಿಯಲು ಜಾಗವಿಲ್ಲದಾಗ ಆ ಎರಡಡಿಯಲ್ಲಿ ಒಬ್ಬರು ಫೋಟೊದಿಂದ ಹೊರಗೆ ಉಳಿಯುತ್ತಾರೆ.

ಸ್ಟೆಬಿಲೈಸೇಶನ್ ಇದ್ದರೆ ಫೋಟೊ ಅಲುಗಾಡುವುದಿಲ್ಲವೇ?

ನಿಮ್ಮ ಕೈ ಅಲುಗಿದರೆ ಸರಿಪಡಿಸುತ್ತದೆ, ಎದುರಿನವರು ಅಲುಗಿದರೆ ಇಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯನ್ನು ನೆನೆಸಿಕೊಳ್ಳಿ. ಭಾರತ ಹುಣ್ಣಿಮೆಯ ಹೊತ್ತಿಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಭಕ್ತರು ನೆರೆಯುತ್ತಾರೆ, ಭಂಡಾರ ಹಾರುತ್ತದೆ, ಡೊಳ್ಳಿನವರು ಕುಣಿಯುತ್ತಾರೆ. ರಾತ್ರಿಯ ದೀಪದಲ್ಲಿ ಮೊಬೈಲಿನ ನೈಟ್ ಮೋಡ್ ಒಂದೆರಡು ಸೆಕೆಂಡಿನ ಚಿತ್ರಗಳನ್ನು ಸೇರಿಸುವಾಗ ಗುಡಿ ಸ್ಪಷ್ಟ, ಕುಣಿಯುವವರು ಮಂಜು. ಇಲ್ಲಿ ಬೇಕಾಗುವುದು ದೊಡ್ಡ ಸೆನ್ಸರ್, ದೊಡ್ಡ ಕಿಂಡಿ, ಅಥವಾ ಹತ್ತಿರದವರಿಗಾದರೆ ನಿಜವಾದ ಫ್ಲಾಶ್. ಕ್ಯಾಮೆರಾದ ಕ್ಸೆನಾನ್ ಫ್ಲಾಶ್ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಬೆಳಗಿ ಆರುತ್ತದೆ, ಚಲನೆ ಅಲ್ಲೇ ನಿಲ್ಲುತ್ತದೆ. ಮೊಬೈಲಿನ ಎಲ್‌ಇಡಿ ಬರಿಯ ಟಾರ್ಚ್.

ಭಂಡಾರದ ಮಾತು ಬಂತು. ಅರಿಶಿನ ಪುಡಿ, ಹಂಗಾಮಿನಲ್ಲಿ ಹಾರುವ ಬೂದಿ, ಕಬ್ಬಿನ ಗಾಡಿಗಳ ಹಿಂದಿನ ಧೂಳು ಇವೆಲ್ಲ ಚಿಕ್ಕ ಕ್ಯಾಮೆರಾಕ್ಕೆ ವಿಶೇಷ ಅಪಾಯ. ಹೊರಚಾಚಿ ಒಳಸರಿಯುವ ಲೆನ್ಸ್ ಪ್ರತಿ ಸಲವೂ ಗಾಳಿಯ ಜೊತೆ ಪುಡಿಯನ್ನು ಒಳಗೆಳೆಯುತ್ತದೆ. ಒಳಗೆ ಸೆನ್ಸರಿನ ಮೇಲೆ ಕೂತರೆ ಪ್ರತಿ ಫೋಟೊದ ಆಕಾಶದಲ್ಲೂ ಅದೇ ಜಾಗದಲ್ಲಿ ಕಲೆ, ಮತ್ತು ಲೆನ್ಸ್ ಬಿಚ್ಚಲು ಬಾರದ ಕಾರಣ ಮನೆಯಲ್ಲಿ ಒರೆಸಲಾಗದು. ಜಾತ್ರೆಯಲ್ಲಿ ಝಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸಿನಷ್ಟು ತೂತು ಮಾಡಿ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕಷ್ಟು ರಕ್ಷಣೆ ಸಿಗುತ್ತದೆ. 52 ಮೀಟರ್ ಧುಮುಕುವ ಗೋಕಾಕ ಜಲಪಾತದ ಎದುರು ಮಳೆಗಾಲದಲ್ಲಿ ನಿಲ್ಲುವವರಿಗೂ ಇದೇ ಉಪಾಯ. ಜೇಬಿನ ಕ್ಯಾಮೆರಾಗಳಲ್ಲಿ ಹೆಚ್ಚಿನವು ನೀರು ತಡೆಯುವುದಿಲ್ಲ.

ಹಳೇ ಡಿಜಿಕ್ಯಾಮ್ ಗೀಳು

2010ರ ಸುಮಾರಿನ ಪುಟ್ಟ ಕ್ಯಾಮೆರಾಗಳ ‘ಸಿಸಿಡಿ ಬಣ್ಣ’ ಈಗಿನವಕ್ಕೆ ಬಾರದು ಎಂಬ ಮಾತು ರೀಲ್ಸ್‌ಗಳಲ್ಲಿ ಓಡುತ್ತಿದೆ. ಬಣ್ಣವನ್ನು ನಿರ್ಧರಿಸುವುದು ಸೆನ್ಸರಿನ ಮೇಲಿನ ಬಣ್ಣದ ಸೋಸುಗಳು ಮತ್ತು ತಯಾರಕರ ಸಂಸ್ಕರಣೆ. ಸಿಸಿಡಿಯೋ ಸಿಮಾಸೋ ಎಂಬುದು ಅದರಲ್ಲಿ ಮುಖ್ಯವಲ್ಲ. ಆ ನೋಟ ಇಷ್ಟವಾದರೆ ಕಡಿಮೆ ಬೆಲೆಗೆ ಸಿಕ್ಕಿದ್ದನ್ನು ಕೊಳ್ಳಿ, ತಪ್ಪೇನಿಲ್ಲ. ಸಾಮರ್ಥ್ಯಕ್ಕಾಗಿ ಎಂದು ಕೊಳ್ಳಬೇಡಿ. ಈ ಗೀಳಿಗೆ ಒಂದು ಕಾರಣವೂ ಇದೆ: ಜಪಾನಿನ ತಯಾರಕರ ಒಕ್ಕೂಟದ ಲೆಕ್ಕದಲ್ಲಿ 2010ರಲ್ಲಿ 12 ಕೋಟಿ ದಾಟಿದ್ದ ಡಿಜಿಟಲ್ ಕ್ಯಾಮೆರಾಗಳ ರವಾನೆ 2023ಕ್ಕೆ 77 ಲಕ್ಷದ ಆಸುಪಾಸಿಗೆ ಇಳಿಯಿತು. ಅಗ್ಗದ ಮಾದರಿಗಳನ್ನು ಮೊಬೈಲ್ ನುಂಗಿತು, ಉಳಿದವು ದುಬಾರಿಯಾದವು.

ಹಾಗಾದರೆ ಯಾರಿಗೆ ಯಾವುದು

ಜಾತ್ರೆ, ಮದುವೆ, ತೀರ್ಥಯಾತ್ರೆ ಎಲ್ಲಕ್ಕೂ ಒಂದೇ ಬೇಕೆನ್ನುವವರಿಗೆ ‘1 ಇಂಚು’ ಸೆನ್ಸರಿನ, ಮೂರರಿಂದ ಎಂಟು ಪಟ್ಟು ಝೂಮಿನ ಕ್ಯಾಮೆರಾ ಸರಿ. ಸೋನಿ ಆರ್‌ಎಕ್ಸ್100ರ ಮಾದರಿಗಳು, 24–100 ಮಿ.ಮೀ. ಎಫ್/1.8–2.8 ಲೆನ್ಸಿನ ಕ್ಯಾನನ್ ಜಿ7 ಎಕ್ಸ್ ಮೂರನೇ ಮಾದರಿ ಈ ಗುಂಪಿನವು. ಹಕ್ಕಿ ನೋಡುವವರು ಎಸ್‌ಎಕ್ಸ್740ರಂಥದ್ದನ್ನು ಹಗಲಿಗೆ ಮಾತ್ರ ಎಂದು ತಿಳಿದು ಕೊಳ್ಳಬಹುದು. 257 ಗ್ರಾಮಿನ ರಿಕೊ ಜಿಆರ್ ಮೂರರಲ್ಲಿ ಎಪಿಎಸ್-ಸಿ ಸೆನ್ಸರ್ ಇದೆ, ಝೂಮೂ ಇಲ್ಲ, ಫ್ಲಾಶೂ ಇಲ್ಲ. ಬೀದಿಯಲ್ಲಿ ನಡೆಯುತ್ತ ಫೋಟೊ ತೆಗೆಯುವ ಅಭ್ಯಾಸ ಇದ್ದವರಿಗೆ ಅದ್ಭುತ, ಕುಟುಂಬದ ಪ್ರವಾಸಕ್ಕೆ ಅಲ್ಲ. ಲೆನ್ಸ್ ಬದಲಿಸುವ ಚಿಕ್ಕ ಮಿರರ್‌ಲೆಸ್ ಕ್ಯಾಮೆರಾಗಳು ಬೆಲೆಗೆ ಹೆಚ್ಚು ಗುಣ ಕೊಡುತ್ತವೆ, ಆದರೆ ಜೇಬಿಗೆ ಹಿಡಿಯುವುದಿಲ್ಲ. ಚೀಲದಲ್ಲೇ ಉಳಿದ ಕ್ಯಾಮೆರಾ ಫೋಟೊ ತೆಗೆಯುವುದಿಲ್ಲವಲ್ಲ.

ಯಾವುದೇ ಆದರೂ ಎರಡನೇ ಬ್ಯಾಟರಿಯ ಹಣ ಮೊದಲೇ ಎತ್ತಿಡಿ. ಜಿ7 ಎಕ್ಸ್ ಮೂರು ಮತ್ತು ಆರ್‌ಎಕ್ಸ್100 ಏಳು ಒಂದು ಚಾರ್ಜಿಗೆ ಪ್ರಮಾಣಿತ ಪರೀಕ್ಷೆಯಲ್ಲಿ 235–260 ಚಿತ್ರ ಕೊಡುತ್ತವೆ, ಒಂದು ದಿನದ ಹಂಪಿಗೆ ಸಾಲದು. ವಿಮಾನದಲ್ಲಿ ಹೋಗುವುದಾದರೆ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

ಮಿರಜಿಗೋ ಬೆಳಗಾವಿಗೋ ರೈಲು ಹತ್ತಿ ಅಂಗಡಿಗೆ ಹೋದಾಗ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಅಂಗಡಿಯ ಒಳಮೂಲೆಯ ಮಂದ ಬೆಳಕಿನಲ್ಲಿ, ನಡೆದಾಡುವ ಯಾರನ್ನಾದರೂ ಝೂಮ್ ಪೂರ್ತಿ ಎಳೆದು ಹತ್ತು ಫೋಟೊ ತೆಗೆಯಿರಿ. ಬಾಗಿಲ ಬಳಿ ಬಂದು ಬಿಳಿ ಗೋಡೆಯದೊಂದು ತೆಗೆದು ಧೂಳಿನ ಕಲೆ ಇದೆಯೇ ನೋಡಿ, ಸೆಕೆಂಡ್ ಹ್ಯಾಂಡ್ ಆದರೆ ಇದನ್ನು ಬಿಡಲೇಬೇಡಿ. ಅದೇ ಜಾಗದಲ್ಲಿ ನಿಂತು ಅದೇ ಫೋಟೊಗಳನ್ನು ನಿಮ್ಮ ಮೊಬೈಲಿನಲ್ಲೂ ತೆಗೆಯಿರಿ. ಕಾರ್ಡನ್ನು ಮನೆಗೆ ತಂದು ದೊಡ್ಡ ಪರದೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ತಂದೆತಾಯಿಗೆ ತೋರಿಸಿ, ಯಾವುದು ಯಾವುದೆಂದು ಹೇಳದೆ. ಅವರಿಗೆ ವ್ಯತ್ಯಾಸ ಕಾಣದಿದ್ದರೆ ಆ ಹಣದಲ್ಲಿ ಕಾಶಿಯಲ್ಲಿ ಇನ್ನೆರಡು ದಿನ ಉಳಿಯಬಹುದು. ಕಂಡರೆ ಮರುದಿನ ಹೋಗಿ, ವಾರಂಟಿ ಚೀಟಿಯೊಂದಿಗೆ ಜಿಎಸ್‌ಟಿ ಬಿಲ್ ಹಾಕಿಸಿಕೊಂಡೇ ತನ್ನಿ.